ಮುನಿಸಿಗೆ ಎಷ್ಟು ನಿಮಿಷ?

ನಾಯಕಿ ಎಡವುತ್ತಾಳೆ, ನಾಯಕ ಹಿಡಿಯುತ್ತಾನೆ, ಎಲ್ಲಿಂದಲೋ ಗಾಳಿ ಬೀಸಿ ಹಾಡು ಶುರುವಾಗುತ್ತದೆ. ಬೆಳಗಾವಿ ಜಿಲ್ಲೆಯ ಕಲ್ಲೋಳಿಯ ನಮ್ಮ ಪಡಸಾಲೆಯಲ್ಲಿ ಟಿವಿ ಮುಂದೆ ಕೂತ ಯಾರಿಗೂ ಮುಂದೇನು ಎಂಬ ಸಂಶಯವಿರುವುದಿಲ್ಲ. “ಈಗ ಅವನ ಅವ್ವ ಬರ್ತಾಳ ನೋಡು” ಎಂದು ನಮ್ಮವ್ವ ಹೇಳಿ ಮುಗಿಸುವಷ್ಟರಲ್ಲಿ ಆಕೆ ಬಾಗಿಲಲ್ಲಿ ನಿಂತಿರುತ್ತಾಳೆ. ಎಲ್ಲ ಮೊದಲೇ ಗೊತ್ತಿರುವ ಕಥೆ, ಇದರಲ್ಲಿ ನೋಡುವುದೇನಿದೆ ಎಂದು ಓದಿದವರು ಕೇಳುತ್ತಾರೆ. ಈ ದೂರನ್ನು ನಾನು ಒಪ್ಪುವುದಿಲ್ಲ.

ಗೊತ್ತಿರುವ ಕಥೆಯನ್ನು ರಾತ್ರಿಯಿಡೀ ಕೂತು ನೋಡಿದ ಸೀಮೆ ನಮ್ಮದು. ಶ್ರೀಕೃಷ್ಣ ಪಾರಿಜಾತವನ್ನು ಬರೆದವನು ಅಪರಾಳ ತಮ್ಮಣ್ಣ. ಅದಕ್ಕೆ ಬಯಲಾಟದ ರೂಪ ಕೊಟ್ಟು ಊರೂರಿಗೆ ಒಯ್ದವನು ನಮ್ಮ ಮಗ್ಗುಲಿನ ಕುಲಗೋಡದ ತಮ್ಮಣ್ಣ. ಆ ಆಟದಲ್ಲಿ ಹೆಸರು ಮಾಡಿದ ನಿಂಗಮ್ಮ ಕೌಜಲಗಿಯವಳು. ಕಥೆಯೋ ಒಂದು ಹಿಡಿಯಷ್ಟು. ನಾರದ ಹೂ ತಂದ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಕೃಷ್ಣ ರಮಿಸಿದ. ಕೊನೆಗೆ ಇಬ್ಬರೂ ಒಂದಾಗುತ್ತಾರೆಂಬುದು ಕಂಬಳಿ ಹೊದ್ದು ಕೂತ ಕೂಸಿಗೂ ಗೊತ್ತು. ಆದರೂ ಜನ ಬೆಳಗಿನವರೆಗೆ ಏಳುತ್ತಿರಲಿಲ್ಲ. ಕೊನೆ ಗೊತ್ತಿದ್ದದ್ದರಿಂದಲೇ ಅವರಿಗೆ ಅವಸರವಿರಲಿಲ್ಲ. ಭಾಮೆ ಇವತ್ತು ಹೇಗೆ ಮುನಿಯುತ್ತಾಳೆ, ಭಾಗವತ ಯಾವ ಹೊಸ ಪ್ರಶ್ನೆ ಹಾಕಿ ಅವಳನ್ನು ಕೆಣಕುತ್ತಾನೆ ಎಂಬುದರ ಮೇಲೆಯೇ ಎಲ್ಲರ ಕಣ್ಣು.

ಟಿವಿಯ ಪ್ರೇಮಕಥೆಗೂ ಈ ಬಲ ಇದೆ. ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರಿನಲ್ಲಿ ಶುರುವಾದ ‘ಜೊತೆ ಜೊತೆಯಲಿ’ಯನ್ನೇ ತೆಗೆದುಕೊಳ್ಳಿ. ಮರಾಠಿಯ ‘ತುಲಾ ಪಾಹತೇ ರೇ’ಯಿಂದ ಬಂದ ಕಥೆ ಅದು. ಶ್ರೀಮಂತ ಉದ್ಯಮಿ, ಮಧ್ಯಮವರ್ಗದ ಮನೆಯ ಹುಡುಗಿ: ನೂರು ಸಲ ಕಂಡ ಜೋಡಿ. ಆದರೆ ಆರ್ಯವರ್ಧನನಿಗೆ ನಲವತ್ತು ದಾಟಿತ್ತು, ಅನುಗೆ ಇಪ್ಪತ್ತರ ಆಸುಪಾಸು. ವಯಸ್ಸಾದ ಮೇಲೂ ಮನಸ್ಸು ಒಣಗುವುದಿಲ್ಲ ಎಂಬುದನ್ನು ನಮ್ಮ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆ ಧಾರಾವಾಹಿಯ ನೆಪದಲ್ಲಿ ಹೆಂಗಸರು ಕಟ್ಟೆಯ ಮೇಲೆ ಕೂತು ಆಡಿದರು. ಇದು ಸಣ್ಣ ಕೆಲಸವಲ್ಲ. ದಿನವಿಡೀ ಕಬ್ಬಿನ ಹೊಲದಲ್ಲಿ ಕಳೆ ತೆಗೆದು ಬಂದವಳಿಗೆ, ಗಂಡಸೊಬ್ಬ ಹೆಂಗಸಿನ ಎದುರು ನಿಂತು “ತಪ್ಪಾಯ್ತು” ಅನ್ನುವುದನ್ನು ನೋಡುವ ಆಸೆ ಇರುತ್ತದೆ. ಆ ಆಸೆಯನ್ನು ಹಗುರಾಗಿ ಕಾಣುವವರ ಮಾತು ನನಗೆ ಬೇಡ.

ಹಾಗಾದರೆ ಕೊರತೆ ಎಲ್ಲಿ? ಟಿವಿಯ ಪ್ರೇಮಿಗಳು ಮಾತಾಡುವುದಿಲ್ಲ. ಅವನು ಯಾರದೋ ಕೈ ಹಿಡಿದದ್ದನ್ನು ಇವಳು ಕಿಟಕಿಯಿಂದ ಕಾಣುತ್ತಾಳೆ. “ಯಾರಾಕೆ?” ಎಂದು ಒಂದು ಮಾತು ಕೇಳಿದರೆ ಮುಗಿಯುತ್ತದೆ. ಕೇಳುವುದಿಲ್ಲ. ಮೂರು ಮುಖಗಳ ಮೇಲೆ ಮೂರು ಸಲ ಕ್ಯಾಮೆರಾ ಓಡುತ್ತದೆ, ಸದ್ದು ಢಮಾರ್ ಅನ್ನುತ್ತದೆ, ಜಾಹೀರಾತು ಬರುತ್ತದೆ. ಅರ್ಧ ತಾಸಿನಲ್ಲಿ ಜಾಹೀರಾತು ಕಳೆದು ಕಥೆಗೆ ಉಳಿಯುವುದು 22 ನಿಮಿಷದ ಆಸುಪಾಸು. ಅದರಲ್ಲೂ ನಾಯಕಿಯ ಪಾಲಿಗೆ ಕಣ್ಣೀರು ಬರುತ್ತದೆ, ಮಾತು ಬರುವುದಿಲ್ಲ. ಇದು ನಮ್ಮ ಟಿವಿಯದಷ್ಟೇ ಕಥೆಯಲ್ಲ. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ 2009ರಿಂದ ಕ್ರಿಸ್‌ಮಸ್ ಕಾಲಕ್ಕೆ ಟಿವಿಗೆಂದೇ ಮಾಡಿದ ಪ್ರೇಮಚಿತ್ರಗಳ ಸಾಲನ್ನೇ ಹಾಕುತ್ತ ಬಂದಿದೆ. ಶಹರದ ಹುಡುಗಿ, ಸಣ್ಣ ಊರು, ಹಿಮ, ಕೊನೆಗೊಂದು ಮುತ್ತು. ಅಲ್ಲಿಯೂ ಕಥೆಯನ್ನು ಜಾಹೀರಾತಿನ ಅಳತೆಗೆ ಕತ್ತರಿಸುತ್ತಾರೆ, ಅಲ್ಲಿಯೂ ಮುಗಿಯುವ ಹೊತ್ತಿಗೆ ಒಂದು ತಪ್ಪು ತಿಳಿವಳಿಕೆ ತಪ್ಪದೆ ಬರುತ್ತದೆ.

ಸತ್ಯಭಾಮೆ ಹಾಗೆ ಸುಮ್ಮನೆ ಕೂತವಳಲ್ಲ. ಅವಳು ಕೇಳಿದಳು, ಹಂಗಿಸಿದಳು, ದೇವರನ್ನೇ ಬಾಗಿಲ ಹೊರಗೆ ನಿಲ್ಲಿಸಿದಳು. ಅವಳ ಜಗಳ ನಮ್ಮ ಸೀಮೆಯ ಆಡುಮಾತಿನಲ್ಲಿತ್ತು. ಟಿವಿಯಲ್ಲಿ ಆ ಮಾತು ಕೇಳುವುದು ಹೆಚ್ಚಾಗಿ ನಗಿಸುವ ಪಾತ್ರದ ಬಾಯಲ್ಲಿ. ಇದು ನನಗೆ ನೋವಿನ ವಿಷಯ. ಪ್ರೀತಿ ಮಾಡಲು, ಮುನಿಯಲು, ಅಳಲು ಬೆಂಗಳೂರಿನ ಕನ್ನಡವೇ ಬೇಕೆಂದು ಯಾರು ಹೇಳಿದರು? ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಇದೇ ಮಾತನ್ನು ನಾಟಕಕ್ಕೆ, ಕಾವ್ಯಕ್ಕೆ ತಂದು ಜ್ಞಾನಪೀಠದವರೆಗೆ ಒಯ್ದರು. 1979ರ ‘ಕಾಡು ಕುದುರೆ’ಯಲ್ಲಿ ಅದನ್ನು ಬೆಳ್ಳಿತೆರೆಗೂ ತಂದರು. ಟಿವಿಗೆ ಮಾತ್ರ ಅದು ಇನ್ನೂ ಪ್ರೇಮದ ಭಾಷೆಯಾಗಿಲ್ಲ.

ಒಂದು ಸಂಜೆ ನಾಯಕಿ ಮತ್ತೆ ಸುಮ್ಮನೆ ಕಣ್ಣೊರೆಸಿಕೊಂಡಾಗ ಅವ್ವ ತಡೆಯದೆ, “ಏ ಹುಚ್ಚಿ, ಕೇಳಲೆ ಅವನ್ನ!” ಎಂದು ಟಿವಿಗೇ ಗದರಿದಳು. ಸಂಭಾಷಣೆ ಬರೆಯುವವರು ಆ ಮಾತನ್ನು ಕೇಳಿಸಿಕೊಳ್ಳಬೇಕು. ಕಥೆ ಬದಲಿಸುವುದು ಬೇಡ. ಗಾಳಿ ಬೀಸಲಿ, ಹಾಡು ಬರಲಿ, ಕೊನೆಗೆ ಮದುವೆಯೂ ಆಗಲಿ. ಮದುವೆಗೆಂದು ಎರಡು ತಾಸಿನ ವಿಶೇಷ ಸಂಚಿಕೆ ಮಾಡುತ್ತಾರಲ್ಲ, ಅದಕ್ಕೂ ಮುಂಚೆ ಅವಳ ಜಗಳಕ್ಕೆಂದು ಅಷ್ಟೇ ಉದ್ದದ ಸಂಚಿಕೆಯೊಂದನ್ನು ಮಾಡಲಿ. ಅವನು ಉತ್ತರ ಕೊಡುವವರೆಗೆ ಜಾಹೀರಾತು ಕಾಯಲಿ.