ಹಿಮದಂಗಳದ ಧೀರ

ಭಾರತದ ಬಾಲಕರಿಗೆ ಹಾಕಿ ಎಂದೊಡನೆ ಹಸಿರು ಮೈದಾನ, ಬಾಗಿದ ಕೋಲು, ಬಿಳಿಯ ಚೆಂಡು ನೆನಪಾಗುತ್ತವೆ. ಚಳಿಗಾಲದಲ್ಲಿ ನದಿ ಕೆರೆಗಳು ಹೆಪ್ಪುಗಟ್ಟುವ ಕೆನಡಾ ದೇಶದಲ್ಲಿ ಹಾಕಿ ಎಂದರೆ ಬೇರೆಯೇ ಆಟ. ಅಲ್ಲಿ ಅದನ್ನು ಮಂಜುಗಡ್ಡೆಯ ಅಂಗಳದಲ್ಲಿ ಆಡುತ್ತಾರೆ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಆ ಅಂಗಳದ ಸುತ್ತ ಹಲಗೆಯ ಗೋಡೆಯಿರುತ್ತದೆ. ಒಂದೊಂದು ತಂಡದಿಂದ ಆರು ಮಂದಿ ಕಣಕ್ಕಿಳಿಯುತ್ತಾರೆ. ಅವರ ಪಾದರಕ್ಷೆಯ ಅಡಿಯಲ್ಲಿ ಉಕ್ಕಿನ ಅಲಗು, ಕೈಯಲ್ಲಿ ಉದ್ದನೆಯ ಕೋಲು. ಚೆಂಡಿನ ಬದಲು ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದನ್ನು ಪಕ್ ಎಂದು ಕರೆಯುತ್ತಾರೆ. ಮುಂದೆ ನುಗ್ಗಿ ಗೋಲು ಹೊಡೆಯುವ ಹೊಣೆ ಮುಖ್ಯವಾಗಿ ಮೂವರು ಮುಂಪಡೆಯ ಆಟಗಾರರದು. ನಡುವೆ ಒಬ್ಬ, ಎಡಕ್ಕೊಬ್ಬ, ಬಲಕ್ಕೊಬ್ಬ. ಇವರಿಗೆ ಕಾಲಿನ ವೇಗ ಎಷ್ಟು ಮುಖ್ಯವೋ ಕಣ್ಣಿನ ಚುರುಕೂ ಅಷ್ಟೇ ಮುಖ್ಯ.

ಇಂತಹ ಆಟವನ್ನು ಸುಮಾರು ಎರಡು ದಶಕಗಳ ಕಾಲ ಒಂದೇ ಕಣ್ಣಿನ ಬಲದಿಂದ ಆಡಿದ ಆಟಗಾರನೊಬ್ಬನ ಕಥೆ ಇದು. ಆತನ ಹೆಸರು ವಿಲ್ಲಿ ಓ'ರೀ.

ಕೆನಡಾದ ಪೂರ್ವ ಭಾಗದಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತವಿದೆ. ಅದರ ರಾಜಧಾನಿ ಫ್ರೆಡೆರಿಕ್ಟನ್. ಆ ಪಟ್ಟಣದಲ್ಲಿ 1935ರ ಅಕ್ಟೋಬರ್ 15ರಂದು ವಿಲ್ಲಿ ಜನಿಸಿದನು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹಿರಿಯರ ವಂಶ ಅವನದು. ತುಂಬು ಸಂಸಾರದಲ್ಲಿ ಅವನೇ ಕೊನೆಯ ಕೂಸು. ಪಟ್ಟಣದಲ್ಲಿ ಕಪ್ಪು ವರ್ಣದವರು ಬಹಳ ವಿರಳವಾಗಿದ್ದರು. ಆದರೂ ಹಿಮದ ಮೇಲೆ ಜಾರುವ ಮಕ್ಕಳ ನಡುವೆ ಬಣ್ಣದ ಬೇಲಿ ಇರಲಿಲ್ಲ. ಚಳಿಗಾಲ ಬಂದಿತೆಂದರೆ ತಂದೆ ಮನೆಯ ಹಿತ್ತಲಿಗೆ ನೀರು ಹರಿಸುತ್ತಿದ್ದನು. ಅದು ಹೆಪ್ಪುಗಟ್ಟಿ ಮಕ್ಕಳಿಗೆ ಆಟದಂಗಳವಾಗುತ್ತಿತ್ತು. ಮೂರು ವರ್ಷದ ವಯಸ್ಸಿಗೇ ವಿಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿತನು. ಹುಡುಗನಾಗಿದ್ದಾಗಲೇ ವೃತ್ತಿನಿರತ ಆಟಗಾರನಾಗಬೇಕೆಂಬ ಹಂಬಲ ಅವನಲ್ಲಿ ಬೇರೂರಿತು.

ಹಾಕಿಯಂತೆಯೇ ಬೇಸ್‌ಬಾಲ್ ಆಟದಲ್ಲಿಯೂ ಅವನಿಗೆ ಪರಿಶ್ರಮವಿತ್ತು. 1949ರಲ್ಲಿ ಅವನ ಬೇಸ್‌ಬಾಲ್ ತಂಡ ಗೆಲುವು ಸಾಧಿಸಿ, ಬಹುಮಾನವಾಗಿ ನ್ಯೂಯಾರ್ಕ್ ನಗರದ ಪ್ರವಾಸವನ್ನು ಪಡೆಯಿತು. ಅಲ್ಲಿಯ ಬ್ರೂಕ್ಲಿನ್ ತಂಡದಲ್ಲಿ ಜಾಕೀ ರಾಬಿನ್‌ಸನ್ ಆಡುತ್ತಿದ್ದ ಕಾಲ ಅದು. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಅಮೆರಿಕದ ಪ್ರಮುಖ ಬೇಸ್‌ಬಾಲ್ ಪಂದ್ಯಾವಳಿಗೆ 1947ರಲ್ಲಿ ಕಾಲಿರಿಸಿ, ವರ್ಣಭೇದದ ಗೋಡೆಯನ್ನು ಒಡೆದ ವೀರನೆಂದು ಅವನ ಕೀರ್ತಿ ಎಲ್ಲೆಡೆ ಹಬ್ಬಿತ್ತು. ಅವನ ಕೈಕುಲುಕುವ ಭಾಗ್ಯ ವಿಲ್ಲಿಗೆ ದೊರೆಯಿತು. ತಾನು ಹಾಕಿಯನ್ನೂ ಆಡುತ್ತೇನೆಂದು ಬಾಲಕನು ಹೇಳಿದಾಗ ರಾಬಿನ್‌ಸನ್ ಬೆರಗಾದನು. ಕಪ್ಪು ಬಾಲಕರು ಆ ಆಟವನ್ನು ಆಡುತ್ತಾರೆಂಬುದು ಅವನಿಗೆ ಹೊಸ ಸಂಗತಿಯಾಗಿತ್ತು. ಆ ಭೇಟಿ ಕೆಲವೇ ಕ್ಷಣಗಳದು. ಆದರೆ ಬಾಲಕನ ಮನಸ್ಸಿನಲ್ಲಿ ಅದು ಅಚ್ಚಳಿಯದೆ ಉಳಿಯಿತು.

ಉತ್ತರ ಅಮೆರಿಕದ ಅತ್ಯುನ್ನತ ಐಸ್ ಹಾಕಿ ಪಂದ್ಯಾವಳಿಗೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. ಆ ದಿನಗಳಲ್ಲಿ ಅದರಲ್ಲಿದ್ದುದು ಆರೇ ತಂಡಗಳು. ಅವುಗಳಲ್ಲಿ ಸ್ಥಾನ ದೊರೆಯುವುದು ಬಿಳಿಯ ತರುಣರಿಗೂ ಸುಲಭವಾಗಿರಲಿಲ್ಲ. ಕಪ್ಪು ವರ್ಣದ ಒಬ್ಬನೂ ಅಲ್ಲಿ ಆಡಿರಲಿಲ್ಲ. ವಿಲ್ಲಿ ಕ್ವಿಬೆಕ್ ನಗರದ ಕಿರಿಯರ ತಂಡದಲ್ಲಿದ್ದಾಗ ತರಬೇತುದಾರ ಫಿಲ್ ವಾಟ್ಸನ್ ಅವನ ವೇಗವನ್ನು ಕಂಡು, ಆ ಮೊದಲಿಗನು ನೀನೇ ಆಗಬಲ್ಲೆ ಎಂದು ಹುರಿದುಂಬಿಸಿದನು. ಹಂಬಲಕ್ಕೆ ಆಗ ಒಂದು ಗುರಿ ದೊರೆಯಿತು.

ಮರುವರ್ಷವೇ ಆ ಗುರಿಗೆ ಅಡ್ಡವಾಗಿ ವಿಪತ್ತು ಬಂದೆರಗಿತು. 1955-56ರ ಋತುವಿನಲ್ಲಿ ಅವನು ಕಿಚನರ್ ನಗರದ ತಂಡದ ಪರವಾಗಿ ಆಡುತ್ತಿದ್ದನು. ಹೊಡೆತವೊಂದಕ್ಕೆ ಚಿಮ್ಮಿದ ಪಕ್ ದಿಕ್ಕು ಬದಲಿಸಿ ಅವನ ಮುಖಕ್ಕೆ ಅಪ್ಪಳಿಸಿತು. ಆಗಿನ ಆಟಗಾರರಿಗೆ ಮುಖಕವಚವಿರಲಿಲ್ಲ. ಮೂಗಿನ ಎಲುಬು ಮುರಿಯಿತು. ಬಲಗಣ್ಣಿನ ದೃಷ್ಟಿ ನೂರಕ್ಕೆ ತೊಂಬತ್ತೈದರಷ್ಟು ಹೋಯಿತು. ಇನ್ನು ಹಾಕಿ ಆಡುವುದು ಸಾಧ್ಯವಿಲ್ಲವೆಂದು ವೈದ್ಯನು ತಿಳಿಸಿದನು.

ಅವನಿಗೆ ಆಗ ಇಪ್ಪತ್ತು ವರ್ಷ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಕತ್ತಲೆಯ ಬಲಗಣ್ಣನ್ನು ನೆನೆದು ಮರುಗಿದ ತರುಣನಿಗೆ, ಎಡಗಣ್ಣು ಇನ್ನೂ ಬೆಳಗುತ್ತಿದೆಯೆಂಬುದು ಕ್ರಮೇಣ ಅರಿವಾಯಿತು. ಕೆಲವೇ ವಾರಗಳಲ್ಲಿ ಅವನು ಮತ್ತೆ ಹಿಮದ ಮೇಲಿದ್ದನು. ತನ್ನ ದೃಷ್ಟಿಯ ವಿಷಯವನ್ನು ತೀರ ಆಪ್ತರಿಗಲ್ಲದೆ ಬೇರಾರಿಗೂ ಅವನು ತಿಳಿಸಲಿಲ್ಲ. ಒಂದು ಕಣ್ಣು ಕಾಣದವನು ಲೀಗಿನಲ್ಲಿ ಆಡಬಾರದೆಂಬ ನಿಯಮವಿದ್ದಿತು. ಗುಟ್ಟು ಹೊರಬಿದ್ದರೆ ಅಂದಿಗೇ ಅವನ ಆಟ ಮುಗಿದಂತೆ.

ಅವನು ಮಾಡಿದ್ದು ಸರಿಯೆ? ಆಟಗಾರರ ರಕ್ಷಣೆಗೆಂದೇ ಹುಟ್ಟಿದ ನಿಯಮ ಅದು. ಉಳಿದ ಕಣ್ಣಿಗೂ ಪೆಟ್ಟು ಬಿದ್ದರೆ ಬಾಳೆಲ್ಲ ಕತ್ತಲೆ. ಹೀಗಾಗಿ ಅವನ ನಡೆಯನ್ನು ಎಲ್ಲರೂ ಅನುಸರಿಸಬೇಕೆಂದು ಹೇಳಲಾಗದು. ಆದರೆ ಆ ಗುಟ್ಟಿಗೆ ಅವನು ತೆತ್ತ ಬೆಲೆಯನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಗೋಲು ತಪ್ಪಿದಾಗ, ಪಕ್ ಕಾಣದೆ ಜಾರಿಹೋದಾಗ, ಕಾರಣವನ್ನು ಹೇಳಿಕೊಳ್ಳುವ ಹಕ್ಕನ್ನೇ ಅವನು ಬಿಟ್ಟುಕೊಟ್ಟಿದ್ದನು. ನಿಂದೆಯನ್ನೆಲ್ಲ ಮೌನವಾಗಿ ನುಂಗಬೇಕಾಗಿತ್ತು.

1956ರಲ್ಲಿ ಬೇಸ್‌ಬಾಲ್ ತಂಡವೊಂದು ಅವನನ್ನು ಪರೀಕ್ಷಿಸಲು ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಕರೆಸಿತು. ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಎಂಬ ಫಲಕಗಳನ್ನು ಅವನು ಮೊದಲ ಬಾರಿಗೆ ಕಂಡದ್ದು ಅಲ್ಲಿಯೇ. ಆಯ್ಕೆಯಾಗದೆ ಮರಳುವಾಗ ಬಸ್ಸಿನ ಹಿಂದಿನ ಆಸನದಲ್ಲಿ ಅವನು ಕುಳಿತುಕೊಳ್ಳಬೇಕಾಯಿತು. ಬಸ್ಸು ಉತ್ತರಕ್ಕೆ ಸಾಗಿದಂತೆಲ್ಲ ಅವನು ಸ್ವಲ್ಪ ಸ್ವಲ್ಪವೇ ಮುಂದಿನ ಆಸನಗಳಿಗೆ ಬಂದನು. ಊರು ಸೇರುವಷ್ಟರಲ್ಲಿ ಇನ್ನು ಹಾಕಿಯೊಂದೇ ತನ್ನ ದಾರಿಯೆಂದು ನಿಶ್ಚಯಿಸಿದ್ದನು.

ಆ ನಿಶ್ಚಯ ಫಲಿಸಿತು. 1958ರ ಜನವರಿ 18ರಂದು ಮಾಂಟ್ರಿಯಲ್ ನಗರದ ಫೋರಮ್ ಕ್ರೀಡಾಂಗಣದಲ್ಲಿ, ಬಾಸ್ಟನ್ ಬ್ರೂಯಿನ್ಸ್ ತಂಡದ ಉಡುಪು ಧರಿಸಿ ವಿಲ್ಲಿ ಓ'ರೀ ಹಿಮದಂಗಳಕ್ಕೆ ಇಳಿದನು. ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಮೊದಲ ಕಪ್ಪು ವರ್ಣದ ಆಟಗಾರನಾದನು. ಬಾಸ್ಟನ್ ತಂಡ 3-0 ಗೋಲುಗಳಿಂದ ಗೆದ್ದಿತು. ಆ ಋತುವಿನಲ್ಲಿ ಎರಡು ಪಂದ್ಯಗಳನ್ನಷ್ಟೇ ಆಡಿಸಿ ಅವನನ್ನು ಮತ್ತೆ ಕೆಳಗಿನ ಲೀಗಿಗೆ ಕಳುಹಿಸಲಾಯಿತು. 1960-61ರಲ್ಲಿ ಪುನಃ ಕರೆ ಬಂದಿತು. 1961ರ ಹೊಸ ವರ್ಷದ ದಿನ ಬಾಸ್ಟನ್ ನಗರದಲ್ಲಿ ಮಾಂಟ್ರಿಯಲ್ ತಂಡದ ವಿರುದ್ಧ ಅವನು ತನ್ನ ಮೊದಲ ಗೋಲನ್ನು ಹೊಡೆದನು. ಪ್ರೇಕ್ಷಕರು ಎದ್ದು ನಿಂತು ಕರತಾಡನ ಮಾಡಿದರು.

ಎಲ್ಲ ನಗರಗಳಲ್ಲಿಯೂ ಇಂತಹ ಸ್ವಾಗತವಿರಲಿಲ್ಲ. ಕೆಲವೆಡೆ ಪ್ರೇಕ್ಷಕರು ಅವನ ಬಣ್ಣವನ್ನು ಹಿಡಿದು ಹೀಯಾಳಿಸಿದರು. ಷಿಕಾಗೋ ನಗರದಲ್ಲಿ ಎದುರಾಳಿಯೊಬ್ಬನು ನಿಂದಿಸಿದ್ದಲ್ಲದೆ ಕೋಲಿನ ತುದಿಯಿಂದ ಮುಖಕ್ಕೆ ತಿವಿದನು. ವಿಲ್ಲಿಯ ಮೂಗು ಮುರಿಯಿತು. ಮುಂದಿನ ಹಲ್ಲುಗಳು ಬಿದ್ದುಹೋದವು. ಅವನೂ ಕೋಲೆತ್ತಿ ಹೊಡೆದನು. ಅವನು ಪೆಟ್ಟಿಗೆ ಪೆಟ್ಟು ಕೊಡುತ್ತಿದ್ದನು. ಬೈಗುಳಕ್ಕಾಗಿ ಮಾತ್ರ ಎಂದೂ ಕೈಯೆತ್ತಲಿಲ್ಲ. ಮಾತು ಕಿವಿಯಿಂದ ಮನಸ್ಸಿಗೆ ಇಳಿದರೆ ಆಟ ಕೆಡುವುದೆಂಬುದನ್ನು ಅವನು ಬಲ್ಲವನಾಗಿದ್ದನು.

ಆ ಋತುವಿನ ಬಳಿಕ ಬಾಸ್ಟನ್ ತಂಡ ಅವನನ್ನು ಬಿಟ್ಟುಕೊಟ್ಟಿತು. ಒಟ್ಟು 45 ಪಂದ್ಯಗಳು, ನಾಲ್ಕು ಗೋಲುಗಳು: ಅತ್ಯುನ್ನತ ಲೀಗಿನಲ್ಲಿ ಅವನ ಗಳಿಕೆ ಇಷ್ಟೇ. ಮತ್ತೆಂದೂ ಅವನಿಗೆ ಅಲ್ಲಿ ಆಡುವ ಅವಕಾಶ ದೊರೆಯಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಬೇರೊಬ್ಬನು ಭಾವಿಸುತ್ತಿದ್ದನೇನೋ. ಓ'ರೀ ಅದೇ ವರ್ಷ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗಿ ಲಾಸ್ ಏಂಜಲೀಸ್ ನಗರದ ತಂಡವನ್ನು ಸೇರಿದನು. ಅದು ವೆಸ್ಟರ್ನ್ ಹಾಕಿ ಲೀಗ್ ಎಂಬ ಎರಡನೆಯ ದರ್ಜೆಯ ಪಂದ್ಯಾವಳಿ. 1962ರಲ್ಲಿ ಅಲ್ಲಿಯ ಸಮಾರಂಭವೊಂದರಲ್ಲಿ ಅವನು ಮತ್ತೆ ಜಾಕೀ ರಾಬಿನ್‌ಸನ್‌ನನ್ನು ಕಂಡನು. ಹದಿಮೂರು ವರ್ಷಗಳ ಹಿಂದೆ ಕೈಕುಲುಕಿದ ಬಾಲಕನನ್ನು ರಾಬಿನ್‌ಸನ್ ಗುರುತಿಸಿದನು.

ಅವನ ಆಟದ ಬಹು ದೊಡ್ಡ ತಿರುವು ಬಂದದ್ದೂ ಲಾಸ್ ಏಂಜಲೀಸಿನಲ್ಲಿಯೇ. ಅದುವರೆಗೆ ಅವನು ಎಡಪಾರ್ಶ್ವದ ಆಟಗಾರ. ಅಂಗಳದ ಎಡ ಅಂಚಿನಲ್ಲಿ ಓಡುವವನಿಗೆ ಇಡೀ ಆಟವೇ ಬಲಗಡೆಗೆ ನಡೆಯುತ್ತದೆ. ಅವನ ಕುರುಡು ಕಣ್ಣು ಇದ್ದುದೂ ಆ ಕಡೆಗೇ. ಸಂಗಾತಿಯು ತಳ್ಳಿದ ಪಕ್ಕನ್ನು ನೋಡಬೇಕಾದರೆ ಬಲ ಹೆಗಲಿನ ಮೇಲಿಂದ ತಲೆಯನ್ನು ಪೂರ್ತಿ ತಿರುಗಿಸಬೇಕು. ಕ್ಷಣಾರ್ಧದ ಆಟದಲ್ಲಿ ಅಷ್ಟು ಹೊತ್ತೂ ನಷ್ಟವೇ. ಗುಟ್ಟಿನ ಅರಿವಿಲ್ಲದ ತರಬೇತುದಾರನು ತಂಡದ ಅಗತ್ಯಕ್ಕಾಗಿ ಅವನನ್ನು ಬಲಪಾರ್ಶ್ವಕ್ಕೆ ನಿಲ್ಲಿಸಿದನು. ಈಗ ಕುರುಡು ಕಣ್ಣು ಹಲಗೆಯ ಗೋಡೆಯ ಕಡೆಗೆ. ನೋಡುವ ಕಣ್ಣು ಅಂಗಳದ ಕಡೆಗೆ! 1964-65ರಲ್ಲಿ ಅವನು 38 ಗೋಲುಗಳನ್ನು ಹೊಡೆದನು. ಮುಂದೆ ಸ್ಯಾನ್ ಡಿಯಾಗೋ ತಂಡದಲ್ಲಿದ್ದಾಗ 1968-69ರಲ್ಲಿಯೂ 38 ಗೋಲುಗಳನ್ನು ಗಳಿಸಿದನು. ಕಾಣದ ಕಣ್ಣು ಕಾಣದೆಯೇ ಉಳಿದಿತ್ತು. ಅವನು ನಿಲ್ಲುವ ಸ್ಥಳ ಮಾತ್ರ ಬದಲಾಗಿತ್ತು.

1979ರಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಓ'ರೀ ಅವರು ವೃತ್ತಿಯಿಂದ ನಿವೃತ್ತರಾದರು. ಮುಂದಿನ ದಿನಗಳಲ್ಲಿ ಹೋಟೆಲೊಂದರ ಭದ್ರತಾ ಸಿಬ್ಬಂದಿಯಾಗಿಯೂ ದುಡಿದರು. ಹಾಕಿಯ ಜಗತ್ತು ಅವರನ್ನು ಬಹುಮಟ್ಟಿಗೆ ಮರೆತಿತ್ತು. 1998ರಲ್ಲಿ ಲೀಗ್ ಅವರನ್ನು ಕರೆದು, ಎಲ್ಲ ವರ್ಣದ, ಎಲ್ಲ ವರ್ಗದ ಮಕ್ಕಳಿಗೆ ಆಟವನ್ನು ತಲುಪಿಸುವ ಕಾರ್ಯದಲ್ಲಿ ರಾಯಭಾರಿಯನ್ನಾಗಿ ನೇಮಿಸಿತು. ಅರವತ್ತು ದಾಟಿದ ಅವರು ಊರೂರು ತಿರುಗಿ ಸಾವಿರಾರು ಮಕ್ಕಳನ್ನು ಕಂಡರು. ಕಾಣದಿರುವುದನ್ನು ಮರೆತು, ಕಾಣುವುದರ ಕಡೆಗೆ ಗಮನ ಕೊಡಬೇಕೆಂಬುದು ತಮ್ಮ ಬಾಳಿನಿಂದ ಅವರು ಮಕ್ಕಳಿಗೆ ತಿಳಿಸಿದ ಮಾತು.

2018ರಲ್ಲಿ ಹಾಕಿಯ ಕೀರ್ತಿಶಾಲಿಗಳ ಸಾಲಿಗೆ ಅವರ ಹೆಸರು ಸೇರಿತು. ಅವರು ಮೊದಲು ಕಣಕ್ಕಿಳಿದ ದಿನಕ್ಕೆ ಸರಿಯಾಗಿ 64 ವರ್ಷಗಳಾದಾಗ, 2022ರ ಜನವರಿ 18ರಂದು, ಬಾಸ್ಟನ್ ತಂಡ ಅವರ 22ನೆಯ ಸಂಖ್ಯೆಯ ಅಂಗಿಯನ್ನು ಕ್ರೀಡಾಂಗಣದ ಮಾಡಿಗೇರಿಸಿತು. ಆ ಸಂಖ್ಯೆಯನ್ನು ಆ ತಂಡದಲ್ಲಿ ಇನ್ನಾರೂ ಧರಿಸುವಂತಿಲ್ಲ.

ನಾಲ್ಕು ಗೋಲು ಹೊಡೆದವನಿಗೆ ಇಷ್ಟು ಗೌರವವೇಕೆ ಎಂದು ಯಾರಾದರೂ ಕೇಳಬಹುದು. ಓ'ರೀ ಅವರ ಬಳಿಕ ಆ ಲೀಗಿಗೆ ಮತ್ತೊಬ್ಬ ಕಪ್ಪು ವರ್ಣದ ಆಟಗಾರ ಬರಲು 1974ರವರೆಗೆ ಕಾಯಬೇಕಾಯಿತು. ಅನಂತರ ಬಂದವರು ಅನೇಕರು. ಮೊದಲು ಹೋದವನು ತೆರೆದ ಬಾಗಿಲಿನ ಅಗಲವನ್ನು ಗೋಲುಗಳಿಂದ ಅಳೆಯಲಾಗದು. ಹಿಂದೆ ಬಂದವರ ಸಂಖ್ಯೆಯಿಂದಲೇ ಅದನ್ನು ಅಳೆಯಬೇಕು.