ಫಿಜಿಕ್ಸ್ ಎಂದು ಬರೆದ ಲಾಂಗ್ ನೋಟ್‌ಬುಕ್

11 ಮೇ 2023, ಗುರುವಾರ, ಮುದ್ದೇಬಿಹಾಳ

ನಿನ್ನೆ ಮತಯಂತ್ರ ಒಪ್ಪಿಸಿ ಹೊರಬೀಳುವಷ್ಟರಲ್ಲಿ ನಡುರಾತ್ರಿ. ಆ ಹೊತ್ತಿನಲ್ಲಿ ಇಂಡಿಗೆ ಬಸ್ಸೆಲ್ಲಿಯದು, ಚಿಗವ್ವನ ಮನೆಗೇ ಬಂದು ಬಿದ್ದುಕೊಂಡೆ. ಬೆಳಿಗ್ಗೆ ದಿಂಬಿನ ಪಕ್ಕ ತಂಗಿಯ ಲಾಂಗ್ ನೋಟ್‌ಬುಕ್. ರಟ್ಟಿನ ಮೇಲೆ ‘ಫಿಜಿಕ್ಸ್’, ಒಳಗೆ ಬರೀ ಕಥೆ.

“ಓದ್ಲೇನ?”

“ಓದಕ್ಕಾ. ಅವ್ವಗ ಮಾತ್ರ ತೋರಸ್ಬ್ಯಾಡ.”

ರಿಕ್ ರಿಯೊರ್ಡನ್‌ನ ಪುಸ್ತಕಗಳ ಹುಚ್ಚು ಇವಳಿಗೆ ಹೈಸ್ಕೂಲಿನಿಂದ. ಗ್ರೀಕ್ ದೇವತೆಗಳಿಗೆ ಮನುಷ್ಯರಲ್ಲಿ ಹುಟ್ಟಿದ ಮಕ್ಕಳು ಇಂದಿನ ಅಮೆರಿಕದಲ್ಲಿ ರಾಕ್ಷಸರ ಜೊತೆ ಹೊಡೆದಾಡುವ ಕಥೆಗಳು. ನಿಕೋ ಪಾತಾಳದ ಒಡೆಯ ಹೇಡೀಸ್‌ನ ಮಗ. ವಿಲ್ ಅಪೊಲೊನ ಮಗ, ವೈದ್ಯ ಬಲ್ಲವನು. ಇಬ್ಬರೂ ಹುಡುಗರು, ಒಬ್ಬನ ಮೇಲೊಬ್ಬನಿಗೆ ಜೀವ. ಇಬ್ಬರ ಅಡ್ಡಹೆಸರು ಬೆಸೆದು ‘ಸೊಲಾಂಜೆಲೊ’ ಎನ್ನುವ ಅಭಿಮಾನಿಗಳು ದೇಶದೇಶದಲ್ಲೂ ಇದ್ದಾರೆ. ಜೋಡಿಯನ್ನು ಹೀಗೆ ಹಚ್ಚಿಕೊಂಡರೆ ಅದು ‘ಶಿಪ್’ ಮಾಡುವುದಂತೆ. ಈ ತಿಂಗಳ 2ರಂದು ಇಬ್ಬರಿಗಾಗಿಯೇ ಒಂದು ಕಾದಂಬರಿ ಬಂದಿದೆ, ‘ದಿ ಸನ್ ಅಂಡ್ ದಿ ಸ್ಟಾರ್’. ರಿಯೊರ್ಡನ್ ಅದನ್ನು ಮಾರ್ಕ್ ಓಶಿರೊ ಜೊತೆಗೂಡಿ ಬರೆದಿದ್ದಾನೆ. ಪಕ್ಕದ ಪಾತ್ರಗಳಾಗಿದ್ದವರು ನಾಯಕರಾಗಿದ್ದಾರೆಂದು ತಂಗಿಗೆ ಮನೆಯಲ್ಲಿ ಲಗ್ನವಿದ್ದಷ್ಟು ಸಂಭ್ರಮ.

ಅವಳ ನೋಟ್‌ಬುಕ್ಕಿನಲ್ಲಿ ಇಬ್ಬರೂ ಆಲಮಟ್ಟಿಗೆ ಬಂದಿದ್ದಾರೆ. ಕೌದಿ ಹೊದ್ದು ನಡುಗುತ್ತಿರುವ ನಿಕೋಗೆ ವಿಲ್ ಗದರುತ್ತಾನೆ: “ಮೂರ್ ದಿನ ಎಲ್ಲೂ ಹೋಗಂಗಿಲ್ಲ ನೋಡ. ಸುಮ್ಕ ಮಲ್ಕೋ.” 2014ರ ‘ದಿ ಬ್ಲಡ್ ಆಫ್ ಒಲಿಂಪಸ್’ನ ಕೊನೆಗೂ ವಿಲ್ ಅವನನ್ನು ಮೂರು ದಿನ ದವಾಖಾನೆಯಲ್ಲಿ ಇರಿಸಿಕೊಳ್ಳುತ್ತಾನೆ. ಅಲ್ಲಿಲ್ಲದ ಲಿಂಬಿಹಣ್ಣಿನ ಶರಬತ್ತು ಇಲ್ಲಿದೆ. ಲಿಂಬಿಯ ಊರಾದ ಇಂಡಿಯ ಅಕ್ಕನ ಮೇಲಿನ ಪ್ರೀತಿಗೆ ಇರಬೇಕು.

ಸಲಿಂಗ ಮದುವೆಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ಇಂದು ಮುಗಿಯಿತು, ತೀರ್ಪು ಮುಂದಕ್ಕೆ. ಚಿಗವ್ವನ ಟಿವಿಯಲ್ಲಿ ಮಾತ್ರ ಯಾರಿಗೆಷ್ಟು ಸೀಟು ಎಂಬುದೇ.

14 ಮೇ, ಭಾನುವಾರ, ಇಂಡಿ

ತಂಗಿ ಕೊಟ್ಟ ‘ದಿ ಹೌಸ್ ಆಫ್ ಹೇಡೀಸ್’ (2013) ಓದುತ್ತಿದ್ದೇನೆ. ಅಭಿಮಾನಿಗಳೆಲ್ಲ ನೆನೆಯುವ ಪ್ರಸಂಗ ಇದರಲ್ಲೇ. ಕಣ್ಣಿಗೆ ಕಾಣದ ಕ್ಯುಪಿಡ್, ಅವರ ಕಾಮದೇವ, ನಿಕೋನನ್ನು ಹಿಂಸಿಸಿ, ಈ ಕಥೆಗಳ ಮೊದಲ ನಾಯಕ ಪರ್ಸಿಯ ಮೇಲೆ ಮನಸ್ಸಿತ್ತೆಂದು ಬಾಯಿ ಬಿಡಿಸುತ್ತಾನೆ. ಜೊತೆಗಿದ್ದ ಜೇಸನ್ ಕೇಳಿಸಿಕೊಳ್ಳುತ್ತಾನೆ. 1930ರ ದಶಕದ ಇಟಲಿಯಲ್ಲಿ ಹುಟ್ಟಿ, ಮಾಯದ ಹೋಟೆಲಿನಲ್ಲಿ ಕಾಲ ಮರೆತು ಈ ಶತಮಾನಕ್ಕೆ ಬಂದವನು ನಿಕೋ. ಅಂಥವನ ಅಂಜಿಕೆ ನನಗೆ ತಟ್ಟಿತು. ಬಾಯಿ ಬಿಡಿಸಿದ್ದು ಹಿಡಿಸಲಿಲ್ಲ. ತಂಗಿಗೂ ಹಿಡಿಸಿಲ್ಲ, ಅವಳ ನಿಕೋ ತನಗೆ ತಿಳಿದಾಗ, ತಾಳಿಕೋಟಿ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ, ತಾನಾಗಿಯೇ ಹೇಳುತ್ತಾನೆ.

ತಂಗಿ ಬರೆಯುವುದನ್ನು ‘ಟೈಮ್‌ಪಾಸ್’ ಎಂದು ತಳ್ಳಿಹಾಕಲು ಕನ್ನಡ ಕಲಿಸುವ ನನಗಾಗುವುದಿಲ್ಲ. ಈ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಆ ಹಾಡು ಕಟ್ಟಿದ, ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಗಂಗೆ ಗೌರಿಯರನ್ನು ನಮ್ಮ ಓಣಿಯ ಸವತಿಯರಂತೆ ಜಗಳಕ್ಕೆ ಹಚ್ಚಿದರು, ಹೆಸರು ಹಾಕಿಕೊಳ್ಳಲಿಲ್ಲ. ಬೇರೆಯವರ ಕಥೆಯಲ್ಲಿ ತಮಗೆ ಬೇಕಾದ್ದನ್ನು ಕೂಡಿಸಿದರು. ತಂಗಿ ಮಾಡುತ್ತಿರುವುದೂ ಅದನ್ನೇ, ಜೆಲ್ ಪೆನ್ನಿನಲ್ಲಿ.

18 ಜೂನ್, ಭಾನುವಾರ, ಬಸವನಬಾಗೇವಾಡಿ

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿ ಒಂದು ವಾರ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡು ನಾನು ಈ ಕಡೆಯಿಂದ, ತಂಗಿ ಆ ಕಡೆಯಿಂದ ಬಂದೆವು. ಕಾಲಿಡಲು ಜಾಗವಿಲ್ಲ, ಕಂಡಕ್ಟರನ ಮುಖ ನೋಡುವಂತಿರಲಿಲ್ಲ.

ಗುಡಿಯ ಕಟ್ಟೆಯ ಮೇಲೆ ಶರಣರ ಮಾತು ಬಂತು. ಉರಿಲಿಂಗದೇವ, ಗಜೇಶ ಮಸಣಯ್ಯ ಗಂಡಸರೇ ಆದರೂ ಲಿಂಗವೇ ಗಂಡ, ತಾವು ಹೆಂಡತಿ ಎಂದು ವಿರಹ ಹಾಡಿದರು. ಹಲಸಂಗಿಯ ಮಧುರಚೆನ್ನರೂ ದೈವವನ್ನು ‘ನನ್ನ ನಲ್ಲ’ ಎಂದೇ ಕರೆದರು. ಇವರನ್ನೆಲ್ಲ ಎಳೆತಂದು ನಿಕೋನ ಪಕ್ಕ ಕೂರಿಸುವುದು ನನಗೆ ಬೇಕಿಲ್ಲ, ಅದು ಭಕ್ತಿಯ ದಾರಿ. ಗಂಡಸಿನ ಬಾಯಲ್ಲಿ ‘ನಲ್ಲ’ ಎಂಬ ಕರೆ ಈ ನೆಲಕ್ಕೆ ಹೊಸದಲ್ಲ ಎಂದಷ್ಟೇ ಅಂದೆ. ತಂಗಿ ಬಿಡಬೇಕಲ್ಲ:

“ಅಂದ್ರ ದೇವ್ರ ಜೋಡಿ ಆದ್ರ ನಡೀತೈತಿ. ಓಣಿ ಹುಡುಗನ ಜೋಡಿ ನಡಿಯಂಗಿಲ್ಲ. ಹೌದಿಲ್ಲೋ?”

ಚುರುಮುರಿ ಕೊಡಿಸಿದೆ.

27 ಆಗಸ್ಟ್, ಭಾನುವಾರ, ಸಿಂದಗಿ

ಸೋದರತ್ತೆಯ ಮಗಳ ಕುಬಸ. ಮಳೆಯಿಲ್ಲ, ತೊಗರಿ ಬಾಡಿದೆ. ಆದರೂ ಹೋಳಿಗೆ ಬಿಟ್ಟಿಲ್ಲ. ಹೋದ ಸಲ ಕೊಟ್ಟಿದ್ದ ‘ಮೋಹನಸ್ವಾಮಿ’ಯನ್ನು ತಂಗಿ ಸೀರೆ ಬ್ಯಾಗಿನೊಳಗೆ ತಂದು ಕೊಟ್ಟಳು. ವಸುಧೇಂದ್ರರ ಈ ಕಥೆಗಳು ಬಂದದ್ದೂ 2013ರಲ್ಲೇ, ನಿಕೋ ಬಾಯಿ ಬಿಟ್ಟ ವರ್ಷವೇ.

“ಹೆಂಗಿತ್ತು?”

“ಇದನ್ನ ಶಿಪ್ ಮಾಡಾಕ ಆಗಂಗಿಲ್ಲಕ್ಕಾ.”

ಇಲ್ಲಿ ರಾಕ್ಷಸರಿಲ್ಲ, ಪಾತಾಳವಿಲ್ಲ. ಮೋಹನಸ್ವಾಮಿಯ ಜೊತೆಗಿದ್ದವನು ಹುಡುಗಿಯೊಬ್ಬಳನ್ನು ಮದುವೆಯಾಗುತ್ತಾನೆ, ಉಳಿದವನು ಉಳಿಯುತ್ತಾನೆ. ರಿಯೊರ್ಡನ್‌ನ ಲಾಂಗ್ ಐಲೆಂಡಿನ ಶಿಬಿರದಲ್ಲಿ ಇಬ್ಬರು ಹುಡುಗರು ಕೈ ಹಿಡಿದರೆ ಕುಣಿದಾಡುವ ಹುಡುಗಿ, ಕನ್ನಡ ಮಾತಾಡುವ ಮೋಹನಸ್ವಾಮಿಯ ಎದುರು ಗಪ್ಪಾದಳು. ಅಭಿಮಾನಕ್ಕೆ ದೂರ ಬೇಕೇನೋ. ಅದಕ್ಕವಳನ್ನು ದೂರಲಾರೆ, ಓದಿ ಮುಗಿಸಿದ್ದಾಳೆ, ನಮ್ಮ ಸ್ಟಾಫ್ ರೂಮಿನಲ್ಲಿ ಹೆಸರು ಕೇಳಿಯೇ ಎದ್ದು ಹೋದವರಿದ್ದಾರೆ.

17 ಅಕ್ಟೋಬರ್, ಮಂಗಳವಾರ, ಇಂಡಿ

ಸಲಿಂಗ ಮದುವೆಯ ತೀರ್ಪು ಬಂತು. ಐದೂ ಜನ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಎಂದಿದ್ದಾರೆ. ಕಾನೂನು ಮಾಡುವುದಿದ್ದರೆ ಅದು ಸಂಸತ್ತಿನ ಕೆಲಸ. 2018ರ ಸೆಪ್ಟೆಂಬರ್ 6ರಂದು 377ನೇ ಕಲಮಿನಡಿ ಸಲಿಂಗ ಸಂಬಂಧ ಅಪರಾಧವಾಗಿದ್ದುದು ಹೋಯಿತೆಂದು ಸಿಹಿ ಹಂಚಿದವರಿಗೆ ಇಂದು ಹೇಗಾಗಿರಬೇಕು.

ರಾತ್ರಿ ತಂಗಿಯ ಫೋನು. ಅಳುತ್ತಾಳೇನೋ ಎಂದುಕೊಂಡರೆ ಸಿಟ್ಟಿನಲ್ಲಿದ್ದಳು. ನೋಟ್‌ಬುಕ್ಕಿನಲ್ಲಿ ಸಂಜೆಯೇ ಇಬ್ಬರಿಗೂ ಅರಿಷಿಣ ಹಚ್ಚಿಯಾಗಿದೆಯಂತೆ, ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದಾಳೆ.

“ಅಕ್ಕಾ, ಇಬ್ರಿಗೂ ಬಾಸಿಂಗ ಕಟ್ಟೀನಿ. ಈಗ ಆಯೇರಿ ಯಾರ ಕಡಿಯವ್ರು ಯಾರಿಗೆ ಮಾಡ್ಬೇಕು?”

“ಎರಡೂ ಕಡಿಯವ್ರು ಇಬ್ರಿಗೂ ಮಾಡ್ತಾರ. ಹೇಡೀಸ್ ಬೀಗರಂದ್ರ ಕಡಿಮಿ ಆಗಬಾರ್ದು, ಧೋತರ ಜೋಡಿ ಬರಿ.”

“ಟೋಪಿ?”

“ಟೋಪಿನೂ ಬರಿ.”