ಬಸ್ಸಿನಲ್ಲಿ ಕಲಿತ ವ್ಯಾಪಾರಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕರವರು ಹೇಳಿಕಳುಹಿಸಿದಾಗ ನಾನು ಬಹಳ ಹಿಂಜರಿದೆನು. ನಾನು ಪಂಡಿತಳಲ್ಲ; ಗುಂಡ್ಲುಪೇಟೆಯಲ್ಲಿ ಹದಿನೈದು ಮಂದಿ ಹೆಂಗಸರೊಡನೆ ಸೇರಿ ಅರಿಶಿನಪುಡಿ, ಮೆಣಸಿನಪುಡಿ, ಸಾರಿನಪುಡಿಗಳನ್ನು ಮಾಡಿ ಮಾರಿ ಜೀವನ ಸಾಗಿಸತಕ್ಕವಳು. “ಹಾಗಾದರೆ ವ್ಯಾಪಾರವನ್ನು ಯಾರಿಂದ ಕಲಿತಿರೆಂಬುದನ್ನೇ ಬರೆಯಿರಿ; ನಮ್ಮ ಹೆಣ್ಣುಮಕ್ಕಳಿಗೆ ಪ್ರಯೋಜನವಾದೀತು” ಎಂದು ಅವರು ಉತ್ತರ ಕೊಟ್ಟರು. ನಾನು ಯೋಚಿಸಿ ನೋಡಿದೆನು. ಕೂಡುವುದು, ಕಳೆಯುವುದು, ಬಡ್ಡಿ ಲೆಕ್ಕ ಇವುಗಳನ್ನು ಈ ಶಾಲೆಯಲ್ಲಿಯೇ ಕಲಿತುದು ದಿಟ. ಆದರೆ ಯಾವ ಹಣ ಯಾರದೆಂಬ ಪಾಠವನ್ನು ಕಲಿತುದು ಶಾಲೆಗೆ ಬರುತ್ತಿದ್ದ ಬಸ್ಸಿನಲ್ಲಿ. ಆ ಪಾಠವನ್ನು ಒಮ್ಮೆ ಮರೆತು ಕೆಟ್ಟವಳಾದುದರಿಂದ ಅದನ್ನು ಇಲ್ಲಿ ಸಂಕೋಚವಿಲ್ಲದೆ ಹೇಳುವೆನು.

ನಮ್ಮ ಸೀಮೆಯವರಿಗೆ ಬಸ್ಸೆಂದರೆ ಏನೆಂಬುದನ್ನು ಹೊರಗಿನವರು ಸುಲಭವಾಗಿ ತಿಳಿಯಲಾರರು. ಚಾಮರಾಜನಗರಕ್ಕೆ ೧೯೨೬ರಲ್ಲಿಯೇ ರೈಲು ಬಂದಿತು; ಗುಂಡ್ಲುಪೇಟೆಗೆ ರೈಲಿಲ್ಲ. ಮೈಸೂರು ಸರ್ಕಾರದವರು ೧೯೪೮ನೆಯ ಇಸವಿ ಸೆಪ್ಟೆಂಬರಿನಲ್ಲಿ ೧೨೦ ಬಸ್ಸುಗಳಿಂದ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿದರು. ೧೯೬೧ರಲ್ಲಿ ಅದು ನಿಗಮವಾಯಿತು. ನಮ್ಮ ಎರಡು ಊರುಗಳೂ ೧೯೯೭ರ ವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದುವು. ಆ ಬಳಿಕ ಚಾಮರಾಜನಗರವೇ ಜಿಲ್ಲೆಯಾಯಿತು. ಸಂತೆಗೆ ಹೋಗುವ ಸೊಪ್ಪಿನ ಗಂಟು, ಆಸ್ಪತ್ರೆಗೆ ಹೋಗುವ ಬಸುರಿ, ಕಚೇರಿಗೆ ಅಲೆಯುವ ರೈತ, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಆ ಒಂದು ಬಸ್ಸನ್ನೇ ನಂಬಿದವರು.

ನಾನು ತೆರಕಣಾಂಬಿಯ ಹತ್ತಿರದ ಒಂದು ಹಳ್ಳಿಯವಳು. ೧೯೮೪ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ, ಗುಂಡ್ಲುಪೇಟೆಯಿಂದ ಹೊರಟು ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸನ್ನು ಹತ್ತುತ್ತಿದ್ದೆನು. ಆ ಬಸ್ಸಿನ ಕಂಡಕ್ಟರವರು ನಡುವಯಸ್ಸಿನವರು, ಮಿತಭಾಷಿಗಳು. ಒಂದು ದಿನ ಪಾಸನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದೆನು. ಕೈಯಲ್ಲಿ ಕಾಸಿರಲಿಲ್ಲ, ಅಂದು ಪರೀಕ್ಷೆ ಬೇರೆ. ಅವರು ದಿನವೂ ನನ್ನನ್ನು ನೋಡುತ್ತಿದ್ದವರೇ. ಪಾಸು ಉಂಟೆಂಬುದು ಅವರಿಗೆ ಗೊತ್ತೇ ಇತ್ತು. ಆದುದರಿಂದ ಸುಮ್ಮನೆ ಬಿಟ್ಟುಬಿಡುವರೆಂದು ನಾನು ಎಣಿಸಿದ್ದೆನು. ಅವರು ಬಿಡಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಬಂದಿತು.

“ಅಳಬೇಡ ಕಣವ್ವ” ಎಂದರು. “ಸರ್ಕಾರದ ಚೀಟೀನ ಪುಕ್ಕಟೆ ಕೊಡೋ ಹಕ್ಕು ನನಗಿಲ್ಲ. ನನ್ನ ದುಡ್ಡು ಕೊಡೋಕೆ ಯಾರ ಅಪ್ಪಣೇನೂ ಬೇಕಿಲ್ಲ.” ಹೀಗೆಂದು ಚೀಟಿಯನ್ನು ಹರಿದು ನನ್ನ ಕೈಗಿತ್ತು ಮುಂದಕ್ಕೆ ಹೋದರು.

ಮರುದಿನ ನಮ್ಮಪ್ಪ ಕೊಟ್ಟ ಹಣವನ್ನು ನಾನು ಅವರಿಗೆ ಒಪ್ಪಿಸಿದೆನು. “ಬೇಡ” ಎನ್ನಲಿಲ್ಲ, ಎಣಿಸಿ ತೆಗೆದುಕೊಂಡರು. ಆಗ ನಾನು ಧೈರ್ಯಮಾಡಿ, “ಅಣ್ಣಾ, ಎರಡು ದುಡ್ಡೂ ಒಂದೇ ಚೀಲದಲ್ಲಿರುವಾಗ ನಿಮ್ಮದು ಯಾವುದು, ಸರ್ಕಾರದ್ದು ಯಾವುದು ಎಂದು ಹೇಗೆ ತಿಳಿಯುತ್ತದೆ?” ಎಂದು ಕೇಳಿದೆನು. ಅವರು ನಗುತ್ತ ವೇಬಿಲ್ಲನ್ನು ತೋರಿಸಿದರು. ಡಿಪೋದಿಂದ ಹೊರಡುವಾಗಲೇ ತಮ್ಮ ಸ್ವಂತ ಹಣ ಇಷ್ಟೆಂದು ಅದರಲ್ಲಿ ಬರೆಯಬೇಕು. ದಾರಿಯಲ್ಲಿ ತನಿಖೆಯವರು ಹತ್ತಿ ಎಣಿಸಿದರೆ, ಮಾರಿದ ಚೀಟಿಗಳ ಹಣವೂ ಬರೆದಿಟ್ಟ ಸ್ವಂತ ಹಣವೂ ಸೇರಿ ಎಷ್ಟಾಗುವುದೋ ಅಷ್ಟೇ ಚೀಲದಲ್ಲಿರಬೇಕು. ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ನನ್ನ ಚೀಟಿಯ ದಿನ ಚೀಲದ ಮೊತ್ತದಲ್ಲಿ ಒಂದು ಕಾಸೂ ವ್ಯತ್ಯಾಸವಾಗಲಿಲ್ಲ. ಆದರೆ ಅವರ ಪಾಲು ಚೀಟಿಯ ಬೆಲೆಯಷ್ಟು ಇಳಿಯಿತು. ಸಾರಿಗೆಯ ಪಾಲು ಅಷ್ಟೇ ಏರಿತು. ದಯೆ ನಡೆದುದು ಆ ಇಳಿದ ಪಾಲಿನಲ್ಲಿ.

ಹೆಚ್ಚಾದರೆ ಏಕೆ ತಪ್ಪೆಂಬುದು ನನಗೆ ಆಗ ಅರ್ಥವಾಗಲಿಲ್ಲ. ಈಗ ಆಗಿದೆ. ಲೆಕ್ಕಕ್ಕಿಂತ ಹೆಚ್ಚಾಗಿ ಚೀಲದಲ್ಲಿರುವ ಹಣವು ಯಾರೋ ಪ್ರಯಾಣಿಕನದು. ಚಿಲ್ಲರೆ ಸಲ್ಲದೆ ಹೋದವನದೋ, ಹಣ ಕೊಟ್ಟೂ ಚೀಟಿ ಸಿಕ್ಕದವನದೋ ಆಗಿರಬೇಕು.

ಕಾಲ ಸರಿಯಿತು. ನಾನು ಗುಂಡ್ಲುಪೇಟೆಗೆ ಸೊಸೆಯಾಗಿ ಬಂದೆನು. ಸ್ತ್ರೀಶಕ್ತಿ ಯೋಜನೆಯಲ್ಲಿ ಊರೂರಿಗೆ ಹೆಂಗಸರ ಸಂಘಗಳು ಏಳುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ಹದಿನೈದು ಮಂದಿಯೂ ಒಂದು ಸಂಘವನ್ನು ಕಟ್ಟಿದೆವು. ವಾರಕ್ಕೆ ತಲೆಗೆ ಹತ್ತು ರೂಪಾಯಿ ಉಳಿತಾಯ. ಕೂಡಿದ ಹಣದಿಂದ ಅರಿಶಿನವನ್ನೂ ಒಣಮೆಣಸಿನಕಾಯಿಯನ್ನೂ ಕೊಂಡು, ಪುಡಿಮಾಡಿಸಿ, ಪೊಟ್ಟಣ ಕಟ್ಟಿ ಚಾಮರಾಜನಗರದ ಅಂಗಡಿಗಳಿಗೆ ಕೊಡತೊಡಗಿದೆವು. ಮಿಷನ್ ಶಾಲೆಯಲ್ಲಿ ಓದಿದವಳೆಂದು ಹಣದ ಪೆಟ್ಟಿಗೆಯನ್ನು ನನ್ನ ವಶಕ್ಕೆ ಕೊಟ್ಟರು. ಆ ಮರ್ಯಾದೆ ನನಗೆ ಬಹಳ ಹಿತವಾಗಿತ್ತೆಂಬುದನ್ನೂ ಮರೆಮಾಡಲಾರೆನು.

೨೦೦೩ರ ಕಾರ್ತಿಕದಲ್ಲಿ ನೆರೆಮನೆಯ ಒಬ್ಬಾಕೆ ರಾತ್ರಿಯ ಹೊತ್ತು ಬಾಗಿಲಿಗೆ ಬಂದಳು. ಆಕೆ ಸಂಘದವಳಲ್ಲ. ಮಗಳಿಗೆ ಜ್ವರ ಏರಿ ಮೈಸೂರಿಗೆ ಕರೆದುಕೊಂಡು ಹೋಗಬೇಕಾಗಿತ್ತು. ನನ್ನ ಕೈಯಲ್ಲಿ ಇನ್ನೂರು ರೂಪಾಯಿಯಿತ್ತು. ಪೆಟ್ಟಿಗೆಯಲ್ಲಿ ಐದು ಸಾವಿರವಿತ್ತು. ನಾನು ಪೆಟ್ಟಿಗೆಯಿಂದ ಮೂರು ಸಾವಿರವನ್ನು ತೆಗೆದುಕೊಟ್ಟೆನು. ಪುಸ್ತಕದಲ್ಲಿ ಬರೆಯಲಿಲ್ಲ, ವಾರದೊಳಗೆ ಬರುವ ಹಣಕ್ಕೆ ಬರೆಹವೇಕೆಂದುಕೊಂಡೆನು. ಮಗು ಬದುಕಿತು. ಹಣ ಬರಲಿಲ್ಲ, ಆಕೆಯ ಕೈಯಲ್ಲಿದ್ದರಲ್ಲವೇ ಬರುವುದು!

ಸಂಕ್ರಾಂತಿ ಕಳೆದು ಅರಿಶಿನವನ್ನು ಕಿತ್ತು ಬೇಯಿಸಿ ಒಣಗಿಸುವ ಕಾಲ ಬಂದಿತು. ವರ್ಷದ ಸರಕನ್ನು ಆಗಲೇ ಕೊಳ್ಳಬೇಕು. ಎಲ್ಲರೂ ಸೇರಿ ಪೆಟ್ಟಿಗೆಯನ್ನು ತೆರೆಯಿಸಿದರು. ನಾನು ನಡೆದುದನ್ನು ಹೇಳಿದೆನು. ಯಾರೂ ಕೂಗಾಡಲಿಲ್ಲ. ಸಂಘದಲ್ಲಿ ಹಿರಿಯಳಾದ, ಕೂಲಿಮಾಡಿ ವಾರವಾರವೂ ಹತ್ತು ರೂಪಾಯಿ ತಂದಿಡುತ್ತಿದ್ದ ಒಬ್ಬ ಮುದುಕಿ ಮಾತ್ರ ಮೆಲ್ಲಗೆ ಹೀಗೆಂದಳು: “ನೀನು ಕಳ್ಳಿಯಲ್ಲ ಅಂತ ನಮಗೆ ಗೊತ್ತು ಕಣವ್ವ. ಆದರೆ ದುಡ್ಡು ನಮ್ಮದು, ಪುಣ್ಯ ನಿನ್ನದಾಯ್ತಲ್ಲ. ನಮ್ಮನ್ನೂ ಒಂದು ಮಾತು ಕೇಳಿದ್ದಿದ್ದರೆ ನಾವೂ ಕೊಡ್ತಿದ್ದೆವಲ್ಲ!”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನು. ಈ ಮಾತನ್ನು ತಡೆಯಲಾರದೆ ಹೋದೆನು. ತವರಿನವರು ಕೊಟ್ಟಿದ್ದ ಓಲೆಗಳನ್ನು ಮಾರಲು ಚಾಮರಾಜನಗರದ ಬಸ್ಸನ್ನು ಹತ್ತಿದೆನು. ಅದೇ ದಾರಿ, ಅದೇ ತೆರಕಣಾಂಬಿ. ಕಂಡಕ್ಟರು ಬೇರೆ, ಎಳೆಯ ವಯಸ್ಸಿನವನು. ಅವನು ಎಲ್ಲರಿಗೂ ಚೀಟಿ ಕೊಟ್ಟಾದ ಮೇಲೆ ಕುಲುಕುವ ಬಸ್ಸಿನಲ್ಲಿ ಒರಗಿ ನಿಂತು ವೇಬಿಲ್ಲಿನಲ್ಲಿ ಚೀಟಿಗಳ ಸಂಖ್ಯೆಗಳನ್ನು ಬರೆಯುತ್ತಿದ್ದನು. ಅದನ್ನು ಕಂಡೊಡನೆ ಇಪ್ಪತ್ತು ವರ್ಷಗಳ ಹಿಂದಿನ ಆ ಮಾತು ಕಿವಿಯಲ್ಲಿ ನುಡಿಯಿತು. ನನ್ನ ಬಳಿ ಅಂದು ರಾತ್ರಿಯೂ ಓಲೆಗಳಿದ್ದುವು. ನನ್ನದನ್ನು ಕೊಡುವ ದಾರಿ ನನಗೆ ಇದ್ದೇ ಇತ್ತು. ಸುಲಭವೆಂದು ಪರರದನ್ನು ಕೊಟ್ಟೆನು. ಆ ಕಂಡಕ್ಟರವರು ಕಷ್ಟದ ದಾರಿಯನ್ನು ಹಿಡಿದರು. ನಾನು ಹಗುರವಾದುದನ್ನು ಹಿಡಿದು ಅದಕ್ಕೆ ದಯೆಯೆಂದು ಹೆಸರಿಟ್ಟೆನು.

ಓಲೆಯ ಹಣವನ್ನು ಪೆಟ್ಟಿಗೆಗೆ ತುಂಬಿದೆನು. ಸಂಘದವರು ಪೆಟ್ಟಿಗೆಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಅದು ಅವರ ದೊಡ್ಡತನ. ಆದರೆ ಅಂದಿನಿಂದ ನಮ್ಮ ವ್ಯಾಪಾರವನ್ನು ಬಸ್ಸಿನ ಕಟ್ಟಳೆಯಂತೆ ನಡೆಸತೊಡಗಿದೆನು. ನಮ್ಮ ಹೆಣ್ಣುಮಕ್ಕಳಿಗಾಗಿ ಆ ಕಟ್ಟಳೆಗಳನ್ನು ಇಲ್ಲಿ ಬರೆಯುವೆನು.

ಮೊದಲನೆಯದು, ಬೆಳಿಗ್ಗೆ ಪೆಟ್ಟಿಗೆಯನ್ನು ತೆರೆಯುವ ಮೊದಲು ನನ್ನ ಸೆರಗಿನ ಗಂಟಿನಲ್ಲಿರುವ ಸ್ವಂತ ಹಣವನ್ನು ಪುಸ್ತಕದ ಮೇಲ್ಗಡೆ ಬರೆಯುವುದು. ಮನೆಗೆ ಹಾಲಿನ ಹಣ ಬೇಕಾದರೂ ಅದು ಪೆಟ್ಟಿಗೆಯಿಂದ ಹೋಗತಕ್ಕುದಲ್ಲ. ಸಣ್ಣ ಅಂಗಡಿಗಳು ಕೆಡುವುದು ಹೆಚ್ಚಾಗಿ ನಷ್ಟದಿಂದಲ್ಲ, ಮನೆಯ ಹಣವೂ ಅಂಗಡಿಯ ಹಣವೂ ಬೆರೆತು ಲಾಭವೆಷ್ಟು, ನಷ್ಟವೆಷ್ಟು ಎಂಬುದೇ ತಿಳಿಯದೆ ಹೋಗುವುದರಿಂದ ಎಂದು ನನಗೆ ತೋರುವುದು.

ಎರಡನೆಯದು, ಸ್ಟೇಜಿಗೊಮ್ಮೆ ಲೆಕ್ಕ ಮುಗಿಸುವುದು. ಚೀಟಿಯ ಕಟ್ಟುಗಳಿದ್ದ ಕಾಲದಲ್ಲಿ ಕಂಡಕ್ಟರು ಚಾಮರಾಜನಗರ ತಲಪಿದ ಮೇಲೆ ಎಲ್ಲವನ್ನೂ ನೆನಪಿಸಿಕೊಂಡು ಬರೆಯುತ್ತಿರಲಿಲ್ಲ. ಒಂದೊಂದು ಸ್ಟೇಜಿಗೂ ಬರೆದು ಮುಗಿಸುತ್ತಿದ್ದನು. ತಪ್ಪಾದರೆ ಒಂದು ಸ್ಟೇಜಿನಷ್ಟೇ ಹಿಂದಕ್ಕೆ ಹುಡುಕಿದರೆ ಸಾಕು. ತಿಂಗಳಿಗೊಮ್ಮೆ ನೋಡುತ್ತಿದ್ದ ಪುಸ್ತಕವನ್ನು ನಾವು ಪ್ರತಿದಿನವೂ ದೀಪ ಹಚ್ಚುವ ಹೊತ್ತಿಗೆ ಮುಗಿಸುತ್ತೇವೆ.

ಮೂರನೆಯದು ಚಿಲ್ಲರೆಯ ಪಾಠ. ಚಿಲ್ಲರೆಯಿಲ್ಲದಾಗ ಕಂಡಕ್ಟರು ಕೊಡಬೇಕಾದುದನ್ನು ಚೀಟಿಯ ಹಿಂದೆ ಬರೆದು ಪ್ರಯಾಣಿಕನ ಕೈಗೆ ಕೊಡುತ್ತಾನೆ. ಸೋದರಿಯರೇ, ಇದನ್ನು ಸ್ವಲ್ಪ ಯೋಚಿಸಿ ನೋಡಿರಿ. ಲೋಕದಲ್ಲಿ ಎಲ್ಲರೂ ತಮಗೆ ಬರಬೇಕಾದ ಸಾಲವನ್ನು ಬರೆದಿಟ್ಟುಕೊಳ್ಳುವರು. ಈತನು ತಾನು ಕೊಡಬೇಕಾದುದನ್ನು ತನ್ನ ಕೈಯಿಂದಲೇ ಬರೆದು ಸಾಲಿಗನ ವಶಕ್ಕೆ ಒಪ್ಪಿಸುವನು. ಇಳಿಯುವಾಗ ಕೇಳದೆ ಮರೆಯುವವರೂ ಉಂಟು, ಆ ಚಿಲ್ಲರೆಗಾಗಿ ಜಗಳವಾಡಿದವರೂ ಉಂಟು. ಕಂಡಕ್ಟರುಗಳೆಲ್ಲರೂ ಧರ್ಮರಾಯರೆಂದು ನಾನು ಹೇಳುವುದಿಲ್ಲ. ಪದ್ಧತಿ ಮಾತ್ರ ಒಳ್ಳೆಯದು. ಮೆಣಸಿನಕಾಯಿ ತಂದುಕೊಡುವ ರೈತನಿಗೆ ನಾವು ಬಾಕಿ ಇಟ್ಟುಕೊಂಡರೆ ಅದನ್ನು ಚೀಟಿಯಲ್ಲಿ ಬರೆದು ಅವನ ಕೈಗೇ ಕೊಡುತ್ತೇವೆ. ಮರುವರ್ಷವೂ ಅವನು ಮೊದಲು ನಮ್ಮ ಬಾಗಿಲಿಗೇ ಬರುವನು.

ನಾಲ್ಕನೆಯದನ್ನು ಡ್ರೈವರವರಿಂದ ಕಲಿತೆನು. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ರಸ್ತೆಗಳು ಬಂಡೀಪುರದ ಕಾಡನ್ನು ಹಾಯುವುವು. ೨೦೦೯ರಿಂದ ಅಲ್ಲಿ ರಾತ್ರಿ ೯ರಿಂದ ಬೆಳಿಗ್ಗೆ ೬ರ ವರೆಗೆ, ಕೆಲವೇ ಬಸ್ಸುಗಳೂ ತುರ್ತಿನ ವಾಹನಗಳೂ ಹೊರತು, ಸಂಚಾರವಿಲ್ಲ. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಒಬ್ಬಾಕೆ, “ಇನ್ನೂ ನಮ್ಮವರು ಬರಬೇಕು, ಸ್ವಲ್ಪ ನಿಲ್ಲಿಸಪ್ಪ” ಎಂದು ಅಂಗಲಾಚುತ್ತಿದ್ದಳು. ಡ್ರೈವರವರು, “ಗೇಟು ನನ್ನ ಮಾತು ಕೇಳೋದಿಲ್ಲ ತಾಯಿ, ನಾನೇ ಗೇಟಿನ ಮಾತು ಕೇಳಬೇಕು. ಒಳಗೆ ಕೂತಿರೋರ ಹೊತ್ತೂ ನನ್ನ ಕೈಲಿದೆ” ಎಂದರು. ಹಣದಂತೆಯೇ ಹೊತ್ತೂ ಪರರು ನಂಬಿ ಕೊಟ್ಟ ಒಡವೆಯೆಂಬುದನ್ನು ಆಗ ಅರಿತೆನು. ಗಿರಾಕಿಗೆ ಗುರುವಾರವೆಂದು ಮಾತು ಕೊಟ್ಟರೆ, ಗುರುವಾರದಿಂದ ಹಿಂದಕ್ಕೆ ಎಣಿಸಿ, ಒಣಗಿಸುವುದು ಯಾವಾಗ, ಪುಡಿಮಾಡುವುದು ಯಾವಾಗ ಎಂದು ಗೊತ್ತುಮಾಡಿಕೊಳ್ಳುತ್ತೇವೆ. ಮಳೆಯ ಮೇಲೆ ತಪ್ಪು ಹೊರಿಸುವುದನ್ನು ಬಿಟ್ಟಿದ್ದೇವೆ.

ಈಗ ಚೀಟಿಯ ಕಟ್ಟುಗಳು ಹೋಗಿ ಕೈಯಂತ್ರಗಳು ಬಂದಿವೆ. ೨೦೨೩ನೆಯ ಇಸವಿ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಧಾರಣ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಮೊದಲ ದಿನಗಳಲ್ಲಿ ಒಬ್ಬ ಅಜ್ಜಿ, “ಬಿಟ್ಟಿ ಪ್ರಯಾಣಕ್ಕೆ ಚೀಟಿ ಯಾಕಪ್ಪ?” ಎಂದು ಕೇಳಿದಳು. ಕಂಡಕ್ಟರು, “ನಿಮಗೆ ಬಿಟ್ಟಿ ಅಜ್ಜಿ, ಬಸ್ಸಿಗೆ ಬಿಟ್ಟಿಯಲ್ಲ” ಎಂದನು. ಆ ಸೊನ್ನೆ ರೂಪಾಯಿಯ ಚೀಟಿಗಳ ಲೆಕ್ಕದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ಸಲ್ಲಿಸಬೇಕಾಗಿರುವುದು. ಧರ್ಮವಾಗಿ ಕೊಟ್ಟುದಕ್ಕೂ ಲೆಕ್ಕವಿರಬೇಕು. ಆ ಧರ್ಮದ ಭಾರವನ್ನು ಹೊರುವವರು ಯಾರೆಂಬುದು ಆಗಲೇ ತಿಳಿಯುವುದು. ಅಂದು ಪುಸ್ತಕದಲ್ಲಿ ನಾನು ಬರೆಯದೆ ಬಿಟ್ಟ ಆ ಒಂದು ಸಾಲು ನನಗೆ ಮತ್ತೆ ನೆನಪಾಯಿತು.

ಕೊನೆಗೆ ಒಂದು ಮಾತನ್ನು ಹೇಳಿ ಮುಗಿಸುವೆನು. ನೆರೆಮನೆಯ ಆಕೆ ನಾಲ್ಕು ವರ್ಷಗಳ ಅನಂತರ, ಐವತ್ತು ನೂರು ಕೂಡಿಸಿ, ಮೂರು ಸಾವಿರವನ್ನೂ ತಂದು ನನ್ನ ಮುಂದಿಟ್ಟಳು. ಆ ಹಣ ಯಾರದೆಂಬ ಪ್ರಶ್ನೆಯೇ ಏಳಲಿಲ್ಲ; ಸಂಘದ ಲೆಕ್ಕ ಎಂದೋ ಮುಗಿದಿದ್ದಿತು. ಅದು ನನ್ನದಾಗಿದ್ದುದರಿಂದ, ಅದೇ ವಾರ ಕಷ್ಟದಲ್ಲಿದ್ದ ಮತ್ತೊಬ್ಬಳಿಗೆ ಅದರಿಂದ ಒಂದು ಸಾವಿರವನ್ನು ಯಾರನ್ನೂ ಕೇಳದೆ ಕೊಟ್ಟೆನು. ಆ ರಾತ್ರಿ ನಿಶ್ಚಿಂತೆಯಿಂದ ನಿದ್ರೆ ಬಂದಿತು. ಓಲೆಗಳನ್ನು ಮಾತ್ರ ಮತ್ತೆ ಕೊಳ್ಳಲಿಲ್ಲ. ಸಾಲದ ಪುಸ್ತಕವನ್ನು ತೆರೆಯುವಾಗಲೆಲ್ಲ ಬರಿದಾದ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿ ಹೋಗಿದೆ.